ಆಮೆಯ ಹಸಿವಿಗೂ ಒಂದು ಚರಿತ್ರೆ

ನಮ್ಮ ಅರಳಗುಪ್ಪೆ ಕಡೆ ಹೊಸದಾಗಿ ಬಾವಿ ತೆಗೆಸಿದವರು ಅದರೊಳಕ್ಕೆ ಒಂದು ಆಮೆ ತಂದು ಬಿಡೋದು ಹಳೇ ವಾಡಿಕೆ. ಕೆರೆಯಲ್ಲಿ ಸಿಗುತ್ತಿದ್ದ ಕಪ್ಪು ಆಮೆ. ಹುಳಹುಪ್ಪಟೆ ತಿಂದುಕೊಂಡು ನೀರನ್ನ ಚೊಕ್ಕಟವಾಗಿ ಇಡುತ್ತೆ ಅನ್ನೋದು ಒಂದು ಲೆಕ್ಕ. ಬಾವಿಯಲ್ಲಿ ಆಮೆ ಇದ್ದರೆ ಮನೆತನಕ್ಕೆ ಒಳ್ಳೇದು ಅನ್ನೋದು ಇನ್ನೊಂದು. ಒಮ್ಮೆ ಬಿಟ್ಟರೆ ಮುಗೀತು. ಬಾವಿ ತೆಗೆಸಿದ ತಾತ ತೀರಿಕೊಂಡು, ಮೊಮ್ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೂ ಆಮೆ ಮಾತ್ರ ಅಲ್ಲೇ ಇರುತ್ತಿತ್ತು. ದನಕ್ಕೆ ಹುಲ್ಲು ಹಾಕಿದ್ರಾ, ನಾಯಿಗೆ ಮುದ್ದೆ ಹಾಕಿದ್ರಾ ಅಂತ ದಿನಾ ಕೇಳುವ ಮನೆಯಲ್ಲಿ, ಆಮೆಗೆ ಏನಾದ್ರೂ ಹಾಕಿದ್ರಾ ಅಂತ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಯಾಕೆ ಕೇಳಲಿಲ್ಲ? ಆಮೆಗೆ ಊಟ ಬೇಕಾಗಲ್ಲ ಅಂತ ನಾವೆಲ್ಲ ಒಳಗೊಳಗೇ ನಂಬಿಬಿಟ್ಟಿದ್ದೀವಿ. 2017ರಲ್ಲಿ ನಮ್ಮ ಮನೆಯ ಆಮೆ ಊಟ ಬಿಟ್ಟಾಗ ನಾನು ಈ ನಂಬಿಕೆಯ ಬೆನ್ನು ಹತ್ತಿದೆ. ಆಫೀಸಿನಲ್ಲಿ ಒಂದು ಬಗ್ ಸಿಕ್ಕರೆ ಅದು ಯಾವ ಕಾಲದ ಕೋಡಿನಿಂದ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗ್ತೀವಲ್ಲ, ಹಾಗೆ. ಹುಡುಕಿದಾಗ ಕಂಡಿದ್ದು ಇಷ್ಟು: ತಿನ್ನದೆ ತಿಂಗಳುಗಟ್ಟಲೆ ಬದುಕಬಲ್ಲ ಶಕ್ತಿಯೇ ಸಾವಿರಾರು ವರ್ಷಗಳಿಂದ ಆಮೆಗೆ ಶಾಪವಾಗಿದೆ. ಆ ಶಕ್ತಿಯನ್ನ ಕೆಲವರು ತಪಸ್ಸು ಅಂದರು, ಕೆಲವರು ಅನುಕೂಲ ಅಂದರು. ಹಸಿವು ಅಂದವರು ತೀರಾ ಕಡಿಮೆ.

ನಮ್ಮಲ್ಲಿ ಈ ಕಥೆ ಬಹಳ ಹಿಂದೆ ಶುರುವಾಗುತ್ತೆ. ಆರನೇ ಶತಮಾನದಲ್ಲಿ ಉಜ್ಜಯಿನಿಯ ವರಾಹಮಿಹಿರ ಬರೆದ ಬೃಹತ್ಸಂಹಿತೆಯಲ್ಲಿ ಹಸು, ನಾಯಿ, ಕೋಳಿ, ಮೇಕೆಗಳ ಲಕ್ಷಣ ಹೇಳುವ ಸಾಲಿನಲ್ಲೇ ಕೂರ್ಮಲಕ್ಷಣ ಅಂತ ಒಂದು ಪುಟ್ಟ ಅಧ್ಯಾಯ ಇದೆ. ಯಾವ ಬಣ್ಣದ ಆಮೆ ಶುಭ, ಬೆನ್ನಿನ ಮೇಲೆ ಎಂಥ ಗೆರೆ ಮತ್ತು ಚುಕ್ಕೆ ಇದ್ದರೆ ರಾಜನಿಗೆ ಏಳಿಗೆ, ಎಂಥದನ್ನ ಕ್ರೀಡಾ ಬಾವಿಯಲ್ಲೋ ದೊಡ್ಡ ನೀರಿನ ಪಾತ್ರೆಯಲ್ಲೋ ಇಟ್ಟುಕೊಳ್ಳಬೇಕು ಅನ್ನೋದೆಲ್ಲ ಅಲ್ಲಿದೆ. ನಮ್ಮೂರ ಬಾವಿಯ ಆಮೆಗೂ ಇವತ್ತು ಅಪಾರ್ಟ್‌ಮೆಂಟಿನ ಗಾಜಿನ ತೊಟ್ಟಿಯಲ್ಲಿರುವ 'ವಾಸ್ತು ಆಮೆ'ಗೂ ಇಷ್ಟು ಹಳೇ ಪೂರ್ವಜರಿದ್ದಾರೆ. ಆ ಅಧ್ಯಾಯದಲ್ಲಿ ಆಮೆ ಹೇಗಿರಬೇಕು ಅಂತ ಇದೆ. ಅದಕ್ಕೆ ಏನು ಹಾಕಬೇಕು ಅಂತ ಇಲ್ಲ.

ಆಮೇಲೆ ದೀಕ್ಷೆಯ ಮಾತು. ಗುರು ಶಿಷ್ಯನನ್ನ ಉದ್ಧರಿಸುವ ಬಗೆಗಳನ್ನ ವಿವರಿಸುವಾಗ ಹಳಬರು ಮೂರು ಪ್ರಾಣಿಗಳನ್ನ ಉದಾಹರಣೆ ಕೊಡ್ತಿದ್ರು. ಹಕ್ಕಿ ಮುಟ್ಟಿ ಕಾವು ಕೊಟ್ಟು ಮರಿ ಬೆಳೆಸುತ್ತೆ, ಮೀನು ಬರೀ ನೋಟದಿಂದ, ಆಮೆ ಬರೀ ನೆನಪಿನಿಂದ. ದಡದ ಮರಳಲ್ಲಿ ಮೊಟ್ಟೆ ಇಟ್ಟು ನೀರಿಗೆ ಹೋದ ತಾಯಿ ಅಲ್ಲಿಂದಲೇ ನೆನೆಸಿಕೊಂಡರೆ ಸಾಕು, ಮರಿ ಬೆಳೆಯುತ್ತೆ ಅಂತ. ಕವಿಮನಸ್ಸಿಗೆ ಇದು ಚೆಂದ. ನಿಜವಾಗಿ ಆ ಮೊಟ್ಟೆಗೆ ಕಾವು ಕೊಡೋದು ಬಿಸಿಲಿಗೆ ಕಾದ ಮಣ್ಣು. ಮರಿಗೆ ತಾಯಿ ತುತ್ತು ಕೊಡಲ್ಲ, ಅದು ಹುಟ್ಟಿದ ದಿನದಿಂದಲೇ ತನ್ನ ಪಾಡು ತಾನು ನೋಡಿಕೊಳ್ಳಬೇಕು. ಗೀತೆಯಲ್ಲಂತೂ ಇಂದ್ರಿಯಗಳನ್ನ ಒಳಕ್ಕೆಳೆದುಕೊಂಡ ಸ್ಥಿತಪ್ರಜ್ಞನಿಗೆ ಆಮೆಯೇ ಹೋಲಿಕೆ. ಹೀಗೆ ಆಸೆಯನ್ನ ಗೆದ್ದ ಪ್ರಾಣಿ ಅಂತ ಅದಕ್ಕೆ ಹೆಸರು ಬಂತು. ಆಸೆಯಿಲ್ಲದವನಿಗೆ ಹಸಿವೆಲ್ಲಿಂದ ಬರಬೇಕು!

ನಮ್ಮೂರಿಗೆ ಬಂದವರು ಎರಡು ದೇವಸ್ಥಾನ ನೋಡಿಕೊಂಡು ಹೋಗ್ತಾರೆ. ಒಂದು 9ನೇ ಶತಮಾನದ ನೊಳಂಬರ ಕಾಲದ ಕಲ್ಲೇಶ್ವರ. ಅದರ ಚಾವಣಿಯಲ್ಲಿ ಎಂಟು ದಿಕ್ಪಾಲಕರ ನಡುವೆ ಕುಣಿಯುವ ಶಿವನನ್ನ ಕತ್ತು ನೋಯುವವರೆಗೆ ನೋಡಬಹುದು. ಇನ್ನೊಂದು 13ನೇ ಶತಮಾನದ ಹೊಯ್ಸಳರ ಚೆನ್ನಕೇಶವ, ಹೊನೋಜ ಅನ್ನೋ ಶಿಲ್ಪಿ ಕೆಲಸ ಮಾಡಿದ ಗುಡಿ. ಆ ಕೇಶವ ಒಂದು ಅವತಾರದಲ್ಲಿ ಆಮೆಯಾಗಿದ್ದವನು. ಮಂದರ ಪರ್ವತವನ್ನ ಬೆನ್ನ ಮೇಲೆ ಹೊತ್ತು ಸಮುದ್ರದ ತಳದಲ್ಲಿ ಕೂತವನು. ಮೇಲೆ ದೇವದಾನವರು ಅಮೃತಕ್ಕೆ ಕಿತ್ತಾಡಿದ್ದನ್ನ ಪುರಾಣ ಸವಿಸ್ತಾರವಾಗಿ ಹೇಳುತ್ತೆ. ಕೆಳಗಿದ್ದ ಆಮೆಗೆ ಒಂದು ಹನಿ ಸಿಕ್ತಾ ಅಂತ ಕೇಳಿದವರು ಕಡಿಮೆ.

ಪ್ರಾಣಿಗಳ ಕಾಯಿಲೆ ಬಗ್ಗೆ ನಮ್ಮವರಿಗೆ ಕಾಳಜಿ ಇರಲಿಲ್ಲ ಅಂತಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಕನ್ನಡದಲ್ಲಿ ಪಶುವೈದ್ಯದ ಬರವಣಿಗೆ ಇತ್ತು. 1025ರಲ್ಲಿ ಎರಡನೇ ಚಾವುಂಡರಾಯ ಬರೆದ ಲೋಕೋಪಕಾರ ಒಂದು ಮನೆತನಕ್ಕೆ ಬೇಕಾದ ಎಲ್ಲ ತಿಳಿವಳಿಕೆಯನ್ನೂ ಒಂದೇ ಕಡೆ ಕೂಡಿಸಿದ ಪುಸ್ತಕ. ಅದೇ ಮನೆತನದ ರಾಜಕುಮಾರ ಕೀರ್ತಿವರ್ಮ ಗೋವೈದ್ಯ ಅಂತ ದನಗಳ ಚಿಕಿತ್ಸೆಗೇ ಒಂದು ಗ್ರಂಥ ಬರೆದ. ಸಂಸ್ಕೃತದಲ್ಲಿ ಆನೆಗೆ ಪಾಲಕಾಪ್ಯನ ಶಾಸ್ತ್ರ, ಕುದುರೆಗೆ ಶಾಲಿಹೋತ್ರನ ಶಾಸ್ತ್ರ. ಉಳುವ ಪ್ರಾಣಿ, ಹೊರುವ ಪ್ರಾಣಿ, ಯುದ್ಧಕ್ಕೆ ಹೋಗುವ ಪ್ರಾಣಿ ಊಟ ಬಿಟ್ಟರೆ ನಷ್ಟ ಅದೇ ದಿನ ಗೊತ್ತಾಗುತ್ತೆ, ಹಾಗಾಗಿ ವೈದ್ಯವೂ ಬೆಳೀತು. ಆಮೆ ಊಟ ಬಿಟ್ಟರೆ ಯಾರ ಕೆಲಸವೂ ನಿಲ್ಲಲ್ಲ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, 12ನೇ ಶತಮಾನದಲ್ಲಿ, ಆಮೆ ಕಾಣಿಸಿಕೊಳ್ಳೋದು ಅಡುಗೆಯ ಪ್ರಕರಣದಲ್ಲಿ. ಅಲ್ಲಿ ಅದು ಊಟ ಮಾಡುವ ಪ್ರಾಣಿಯಲ್ಲ, ಊಟ.

ಇದನ್ನ ಓದಿ ನಾವೇ ಕೆಟ್ಟವರು ಅಂದುಕೊಳ್ಳಬೇಡಿ. ತಿನ್ನದೆ ಬದುಕುವ ಆಮೆಯ ಗುಣವನ್ನ ಬಂಡವಾಳ ಮಾಡಿಕೊಂಡವರು ಸಮುದ್ರದ ಮೇಲಿದ್ದರು. 17ರಿಂದ 19ನೇ ಶತಮಾನದವರೆಗೆ ಹಿಂದೂ ಮಹಾಸಾಗರ, ಪೆಸಿಫಿಕ್‌ಗಳಲ್ಲಿ ಓಡಾಡುತ್ತಿದ್ದ ಹಡಗುಗಳಿಗೆ ತಾಜಾ ಮಾಂಸ ದೊಡ್ಡ ತಲೆನೋವಾಗಿತ್ತು. ಕುರಿ, ಕೋಳಿ ಸಾಗಿಸಿದರೆ ಅವುಗಳಿಗೂ ಮೇವು, ನೀರು ಬೇಕು. ದ್ವೀಪಗಳಲ್ಲಿದ್ದ ದೈತ್ಯ ಆಮೆಗೆ ಅದ್ಯಾವುದೂ ಬೇಕಿಲ್ಲ. ಎತ್ತಿ ತಂದು ಹಡಗಿನ ಹೊಟ್ಟೆಯೊಳಗೆ ಒಂದರ ಮೇಲೊಂದು ಪೇರಿಸಿಟ್ಟರೆ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತಿದ್ದವು. ಫ್ರಿಜ್ ಇಲ್ಲದ ಕಾಲಕ್ಕೆ ಅದೇ ಫ್ರಿಜ್. 1820ರಲ್ಲಿ ತಿಮಿಂಗಿಲದ ಹೊಡೆತಕ್ಕೆ ಮುಳುಗಿ ಹೆಸರಾದ ಎಸೆಕ್ಸ್ ಹಡಗು ಕೂಡ ಅದಕ್ಕೆ ಸ್ವಲ್ಪ ಮುಂಚೆ ಗಲಾಪಗಸ್ ದ್ವೀಪಗಳಿಂದ ನೂರಾರು ಆಮೆ ತುಂಬಿಕೊಂಡಿತ್ತು. 1835ರಲ್ಲಿ ಅದೇ ದ್ವೀಪಗಳಿಗೆ ಬಂದ ಡಾರ್ವಿನ್‌ನ ಬೀಗಲ್ ಹಡಗಿನವರೂ ಆಮೆಗಳನ್ನ ತಿಂದು ಚಿಪ್ಪನ್ನ ಸಮುದ್ರಕ್ಕೆಸೆದರು. ಮಾರಿಷಸ್, ರಾಡ್ರಿಗಸ್ ದ್ವೀಪಗಳ ದೈತ್ಯ ಆಮೆಗಳಂತೂ ಸಂಪೂರ್ಣ ಅಳಿದೇ ಹೋದವು. ಹಡಗಿನ ಕತ್ತಲೆಯಲ್ಲಿ ಕೊಳೆಯುತ್ತಿದ್ದ ಆ ಪ್ರಾಣಿಗಳಿಗೆ ಹಸಿವಾಗುತ್ತಿರಲಿಲ್ಲ ಅಂತ ನಾವಿಕರೂ ನಂಬಿದ್ದರು. ಸಾಯೋದು ನಿಧಾನವಾದರೆ ನೋವೂ ಇಲ್ಲ ಅನ್ನೋ ನಂಬಿಕೆ ನೋಡುವವನಿಗೆ ತುಂಬ ಅನುಕೂಲ.

ಆಮೆ ಊಟ ಮಾಡೋದನ್ನ, ಬಿಡೋದನ್ನ ಕೂತು ಗಮನಿಸಿ ಬರೆದಿಟ್ಟವರು ಬೇಕಿತ್ತು. ಅಂಥ ಒಬ್ಬರು ಇಂಗ್ಲೆಂಡಿನ ಸೆಲ್ಬೋರ್ನ್ ಅನ್ನೋ ಹಳ್ಳಿಯಲ್ಲಿದ್ದರು, ಗಿಲ್ಬರ್ಟ್ ವೈಟ್ ಅನ್ನೋ ಪಾದ್ರಿ. 1780ರ ಮಾರ್ಚಿನಲ್ಲಿ, ತೀರಿಕೊಂಡ ಅತ್ತೆಯ ಮನೆಯ ತೋಟದಲ್ಲಿ ಚಳಿನಿದ್ದೆಯಲ್ಲಿದ್ದ ಆಮೆಯನ್ನ ಮಣ್ಣಿನಿಂದ ತೆಗೆಸಿ, ಕುದುರೆ ಗಾಡಿಯಲ್ಲಿ ಸುಮಾರು 80 ಮೈಲಿ ದೂರದ ತಮ್ಮ ಮನೆಗೆ ತಂದರು. ಹೆಸರು ಟಿಮೊಥಿ. ನವೆಂಬರ್ ಹೊತ್ತಿಗೆ ಮಣ್ಣು ಸೇರಿ ಏಪ್ರಿಲ್‌ನಲ್ಲಿ ಏಳುವ ಈ ಪ್ರಾಣಿ ಯಾವತ್ತು ತಿನ್ನೋದು ನಿಲ್ಲಿಸಿತು, ಯಾವತ್ತು ಮತ್ತೆ ಬಾಯಿ ಹಾಕಿತು, ಎಷ್ಟು ತೂಗಿತು ಅಂತ ವರ್ಷವರ್ಷ ಬರೆದರು. ತೂಗೋದಕ್ಕೆ ಊರಿನ ಅಂಗಡಿಯ ತಕ್ಕಡಿ. 1789ರಲ್ಲಿ ಪ್ರಕಟವಾದ ಅವರ ಪುಸ್ತಕ ಇವತ್ತಿಗೂ ಮುದ್ರಣದಲ್ಲಿದೆ. ಟಿಮೊಥಿಯ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ. ಗಂಡು ಅಂತ ಎಲ್ಲರೂ ನಂಬಿದ್ದ ಟಿಮೊಥಿ ಹೆಣ್ಣು ಅಂತ ಗೊತ್ತಾಗಿದ್ದು ಆ ಚಿಪ್ಪನ್ನ ಪರೀಕ್ಷಿಸಿದ ಮೇಲೆ.

ವೈಟ್ ಮಾಡಿದ್ದು ಸಣ್ಣ ಕೆಲಸದ ಹಾಗೆ ಕಾಣುತ್ತೆ. ಆದರೆ ಆರೋಗ್ಯದ ಉಪವಾಸ ಬೇರೆ, ಕಾಯಿಲೆಯ ಉಪವಾಸ ಬೇರೆ ಅಂತ ತಿಳಿಯೋಕೆ ಇರುವ ದಾರಿ ಅದೇ. ಚಳಿದೇಶದ ಆಮೆ ಚಳಿಗಾಲದಲ್ಲಿ ತಿನ್ನದೆ ಮಲಗಿದರೂ ತೂಕದಲ್ಲಿ ಕಳೆದುಕೊಳ್ಳೋದು ಸ್ವಲ್ಪವೇ. ಕಾಯಿಲೆ ಬಿದ್ದದ್ದು ವಾರವಾರ ಇಳಿಯುತ್ತೆ. ನಮ್ಮ ತಿಪಟೂರು ಸೀಮೆಯ ಬಿಸಿಲಿಗೆ ಇಂಗ್ಲೆಂಡಿನ ಥರದ ಉದ್ದ ಚಳಿನಿದ್ದೆ ಬೇಕಾಗೇ ಇಲ್ಲ. ಹಾಗಾಗಿ 'ಮಲಗಿದೆ ಬಿಡಿ' ಅನ್ನೋ ಸಮಾಧಾನ ನಮ್ಮ ಆಮೆಗಳ ವಿಷಯದಲ್ಲಿ ಅಪಾಯ.

ಇನ್ನೊಂದು ಉದಾಹರಣೆ ನಮ್ಮ ಕಾಲದ್ದು. ನೆಪೋಲಿಯನ್ ಸತ್ತ ಸೇಂಟ್ ಹೆಲೆನಾ ದ್ವೀಪಕ್ಕೆ 1882ರಲ್ಲಿ ಸೇಶೆಲ್ಸ್‌ನಿಂದ ಬಂದ ಜೊನಾಥನ್ ಅನ್ನೋ ದೈತ್ಯ ಆಮೆ, ಸುಮಾರು 1832ರಲ್ಲಿ ಹುಟ್ಟಿದ್ದು ಅಂತ ಅಂದಾಜು. ಗವರ್ನರ್ ಬಂಗಲೆಯ ಹುಲ್ಲುಹಾಸಿನಲ್ಲಿ ಅದರ ವಾಸ. ವಯಸ್ಸಾಗಿ ಕಣ್ಣಿಗೆ ಪೊರೆ ಬಂತು, ವಾಸನೆಯೂ ಹೋಯಿತು. ಬಡಕಲಾಗುತ್ತಾ ಬಂದಾಗ ವಯಸ್ಸಾಯ್ತು ಬಿಡಿ ಅಂತ ಸುಮ್ಮನಾಗಬಹುದಿತ್ತು. ಅಲ್ಲಿನ ಪಶುವೈದ್ಯ ಜೋ ಹಾಲಿನ್ಸ್ ಬಾಯಿ ನೋಡಿದರು. ಹುಲ್ಲು ಕತ್ತರಿಸಬೇಕಾದ ಕೊಕ್ಕಿನ ಅಂಚು ಮೊಂಡಾಗಿ ಪುಡಿಪುಡಿಯಾಗುತ್ತಿತ್ತು. ಜೊನಾಥನ್ ಬಾಯಿ ಆಡಿಸುತ್ತಿತ್ತು, ಹುಲ್ಲು ಬಾಯಿಗೆ ಸೇರುತ್ತಿರಲಿಲ್ಲ. ವಾರಕ್ಕೊಮ್ಮೆ ಕ್ಯಾರೆಟ್, ಸೌತೆಕಾಯಿ, ಕೋಸು, ಸೇಬು ಕೈತುತ್ತು ಕೊಡೋಕೆ ಶುರುಮಾಡಿದರು. ಪೌಷ್ಟಿಕಾಂಶ ಸಿಕ್ಕ ಮೇಲೆ ಕೊಕ್ಕೇ ಮತ್ತೆ ಹರಿತವಾಗಿ ಬೆಳೀತು. ಸಮಸ್ಯೆ ಇದ್ದದ್ದು ವಯಸ್ಸಿನಲ್ಲಲ್ಲ, ತುತ್ತಿನಲ್ಲಿ.

ಇದಕ್ಕೆ ಎದುರಾಗಿ ಕೋಲ್ಕತ್ತಾದ ಆಲಿಪುರ ಮೃಗಾಲಯದ ಅದ್ವೈತ. ರಾಬರ್ಟ್ ಕ್ಲೈವ್ ಸಾಕಿದ್ದ ಆಮೆ ಅನ್ನೋ ಪ್ರತೀತಿ. 2006ರ ಮಾರ್ಚಿನಲ್ಲಿ ಸತ್ತಾಗ ವಯಸ್ಸು 250 ಇರಬಹುದು ಅಂತ ಪತ್ರಿಕೆಗಳು ಬರೆದವು. ಚಿಪ್ಪು ಬಿರುಕು ಬಿಟ್ಟು ಒಳಗೆ ಗಾಯವಾಗಿತ್ತು, ಸಾವಿಗೆ ಕಾರಣ ಯಕೃತ್ತಿನ ವೈಫಲ್ಯ. ಸುದ್ದಿಯಾದದ್ದು ಕ್ಲೈವ್, ಪ್ಲಾಸಿ, ಸಾಮ್ರಾಜ್ಯ. ಗಾಯಕ್ಕೆ ಸಿಕ್ಕಿದ್ದು ಒಂದು ಸಾಲು.

ಈಗ ನಮ್ಮ ಮನೆಯ ಆಮೆ. ನಮ್ಮ ಸೀಮೆಯಲ್ಲಿ ಬೋರ್‌ವೆಲ್ ಬಂದ ಮೇಲೆ ತೆರೆದ ಬಾವಿಗಳು ಒಂದೊಂದಾಗಿ ಒಣಗಿದವು. 2017ರ ಬೇಸಿಗೆಯಲ್ಲಿ ನಮ್ಮದರ ತಳವೂ ಕಂಡಿತು. ದೊಡ್ಡಪ್ಪ ಆಳು ಇಳಿಸಿ ಬಾಂಡ್ಲಿಯಲ್ಲಿ ಆಮೆ ಎತ್ತಿಸಿ, ಕೊಟ್ಟಿಗೆ ಹಿಂದಿನ ಸಿಮೆಂಟ್ ತೊಟ್ಟಿಗೆ ಬಿಟ್ಟರು. ತೆಂಗಿನ ಮರದ ನೆರಳು, ತಣ್ಣಗಿನ ನೀರು, ಏರಿ ಕೂರೋಕೆ ಒಂದು ಕಲ್ಲೂ ಇಲ್ಲ. ಮಕ್ಕಳು ಮಂಡಕ್ಕಿ, ಅನ್ನ, ಕಾಯಿ ಚೂರು ಹಾಕ್ತಿದ್ರು, ಅದೂ ತಿಂತಿತ್ತು. ಮಾರ್ಗಶಿರದ ಚಳಿ ಶುರುವಾದಾಗ ತಿನ್ನೋದು ನಿಲ್ಲಿಸಿತು. ಕಣ್ಣು ಊದಿಕೊಂಡು ಮುಚ್ಚಿಹೋಗಿತ್ತು.

"ವ್ರತ ಹಿಡಿದೈತೆ ಕಣಪ್ಪ, ಸುಮ್ನಿರು," ಅಂದಳು ಅಜ್ಜಿ.

ನಾನು ವಾದ ಮಾಡಲಿಲ್ಲ. ಸೆಲ್ಬೋರ್ನಿನ ಪಾದ್ರಿಯ ಉಪಾಯ ಮಾಡಿದೆ. ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಇಟ್ಟರೆ 1 ಕೆಜಿ 140 ಗ್ರಾಂ. ಮುಂದಿನ ಭಾನುವಾರ ಊರಿಗೆ ಬಂದು ತೂಗಿದರೆ 1 ಕೆಜಿ 90. ನಮ್ಮದು ಕೊಬ್ಬರಿ ಮನೆ. ಅಟ್ಟದ ಮೇಲಿನ ಕಾಯನ್ನ ಕಿವಿ ಹತ್ತಿರ ಅಲ್ಲಾಡಿಸಿ, ಚಿಪ್ಪಿನೊಳಗೆ ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ ಅಂತ ಸದ್ದಿನಲ್ಲೇ ಹೇಳುವವಳು ನಮ್ಮಜ್ಜಿ. ವಾರಕ್ಕೆ 50 ಗ್ರಾಂ ಅಂದ ಕೂಡಲೇ ಅವಳಿಗೆ ಅರ್ಥವಾಯ್ತು, ಇನ್ನೊಂದು ಮಾತು ಆಡಲಿಲ್ಲ.

ಹತ್ತಿರದ ಪಶು ಆಸ್ಪತ್ರೆಯಲ್ಲಿ ದನ, ಕುರಿ ನೋಡುವಷ್ಟು ಅನುಭವ ಆಮೆಯದ್ದಿರಲಿಲ್ಲ. ಬೆಂಗಳೂರಿನಲ್ಲಿ ಸರೀಸೃಪ ನೋಡುವ ವೈದ್ಯರೊಬ್ಬರಿಗೆ ಫೋನ್ ಮಾಡಿದರೆ ಮೊದಲು ಅರಣ್ಯ ಇಲಾಖೆಗೆ ತಿಳಿಸಿ, ಅವರ ಗಮನಕ್ಕೆ ಬಂದ ಮೇಲೇ ಕರೆತನ್ನಿ ಅಂದರು. ಮನೆಯಲ್ಲಿ ಸ್ವಲ್ಪ ಹೆದರಿಕೆ ಆಯ್ತು. ಕೇಸು ಹಾಕ್ತಾರೇನೋ ಅಂತ ದೊಡ್ಡಪ್ಪ ಎರಡು ದಿನ ಯೋಚನೆ ಮಾಡಿದರು. ಆಮೇಲೆ ಅವರೇ ಹೋಗಿ ಬಾವಿ ಒಣಗಿದ ಕಥೆಯನ್ನ ಇದ್ದದ್ದು ಇದ್ದ ಹಾಗೆ ಹೇಳಿ ಬಂದರು. ಯಾರೂ ಬೈಯಲಿಲ್ಲ.

ವೈದ್ಯರು ಹೇಳಿದ್ದನ್ನ ನಾನು ಈಗಲೂ ನೋಟ್ಸ್‌ನಲ್ಲಿ ಇಟ್ಟುಕೊಂಡಿದ್ದೀನಿ. ಆಮೆಯ ಮೈಬಿಸಿ ಹೊರಗಿನಿಂದ ಬರಬೇಕು. ತಣ್ಣಗಿದ್ದರೆ ಕರುಳೇ ಕೆಲಸ ಮಾಡಲ್ಲ, ಹೊಟ್ಟೆಯಲ್ಲಿದ್ದ ಊಟ ಅಲ್ಲೇ ಕೊಳೆಯುತ್ತೆ. ಬಿಸಿಲಿಲ್ಲದಿದ್ದರೆ ಕ್ಯಾಲ್ಸಿಯಂ ಹಿಡಿಯದೆ ಚಿಪ್ಪು, ಮೂಳೆ ಮೆತ್ತಗಾಗುತ್ತೆ. ಮಂಡಕ್ಕಿ, ಅನ್ನದಲ್ಲಿ ವಿಟಮಿನ್ ಎ ಇಲ್ಲ. ಅದು ಕಡಿಮೆಯಾದರೆ ಕಣ್ಣು ರೆಪ್ಪೆ ಊದಿ ಮುಚ್ಚುತ್ತೆ, ಕಾಣದ ಊಟವನ್ನ ಆಮೆ ತಿನ್ನಲ್ಲ. ಬಾಯಿಹುಣ್ಣು, ಶ್ವಾಸಕೋಶದ ಸೋಂಕು, ಜಂತುಹುಳು, ಮೂತ್ರಕೋಶದ ಕಲ್ಲು, ಬೆಳೆದು ಬಾಗಿದ ಕೊಕ್ಕು, ಹೊರಬರದೆ ಸಿಕ್ಕಿಕೊಂಡ ಮೊಟ್ಟೆ, ಇವುಗಳಲ್ಲಿ ಯಾವುದಿದ್ದರೂ ಹೊರಗೆ ಕಾಣೋದು ಒಂದೇ ಲಕ್ಷಣ: ಊಟ ಬಿಡೋದು. ಚಿಪ್ಪಿನ ಪ್ರಾಣಿಗೆ ಹೇಳಿಕೊಳ್ಳೋಕೆ ಬೇರೆ ಭಾಷೆಯೇ ಇಲ್ಲ.

ನಮ್ಮದಕ್ಕೆ ವಿಟಮಿನ್ ಕೊರತೆ, ಜೊತೆಗೆ ಶುರುವಾಗುತ್ತಿದ್ದ ಬಾಯಿಹುಣ್ಣು. ಚಿಕಿತ್ಸೆಯ ಕ್ರಮವೂ ಕುತೂಹಲಕಾರಿ. ಮೊದಲು ಮೈ ಬೆಚ್ಚಗಾಗಬೇಕು. ಆಮೇಲೆ ಗದ್ದಮಟ್ಟದ ಉಗುರುಬೆಚ್ಚಗಿನ ನೀರಲ್ಲಿ ದಿನಾ ಸ್ವಲ್ಪ ಹೊತ್ತು ಬಿಟ್ಟು ಮೈಗೆ ನೀರು ಹಿಡಿಸಬೇಕು. ಕೊನೆಗೆ ಔಷಧಿ, ಊಟ. ತಣ್ಣಗೆ, ಒಣಗಿ ಬಿದ್ದಿರುವ ಆಮೆಯ ಬಾಯಿ ಅಗಲಿಸಿ ಊಟ ತುರುಕಿದರೆ ಸಾಯುತ್ತೆ. ಪ್ರೀತಿಯಿಂದಲೇ ಎಷ್ಟೋ ಆಮೆ ಸಾಯೋದು ಹೀಗೆ ಅಂದರು ಅವರು. ಮೊದಲೆರಡು ವಾರ ನಳಿಕೆಯಲ್ಲಿ ಊಟ ಹೋಯ್ತು. 26ನೇ ದಿನ ಕಣ್ಣು ಬಿಟ್ಟು, ಮುಂದೆ ಹರಿದ ಎರೆಹುಳುವನ್ನ ತಾನೇ ಕಚ್ಚಿತು. ತೂಕ ಮೊದಲಿನಷ್ಟಾದ ಮೇಲೆ ಇಲಾಖೆಯವರೇ ನೀರಿದ್ದ ಒಂದು ಕೆರೆಗೆ ಬಿಟ್ಟರು. ಸುದ್ದಿ ಹೇಳಿದಾಗ ಅಜ್ಜಿ ಅಂದಿದ್ದು ಇಷ್ಟೇ: "ಹಸಿದಿತ್ತೇನೋ ಪಾಪ. ಬಾಯಿಲ್ಲದ್ದು."

ನನಗೆ ಈ ಬರಹ ಬರೆಯಬೇಕು ಅನ್ನಿಸಿದ್ದು ಬಾವಿಯ ಆಮೆಗಿಂತ ಹೆಚ್ಚಾಗಿ ಫ್ಲಾಟಿನ ಆಮೆಗಾಗಿ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅದೃಷ್ಟಕ್ಕೆ ಅಂತ ಬಚ್ಚಿಟ್ಟು ಸಾಕುವ ನಕ್ಷತ್ರ ಆಮೆ ಕೆರೆಯದ್ದಲ್ಲ. ಒಣಭೂಮಿಯ ಕುರುಚಲಲ್ಲಿ ಹುಲ್ಲು, ಸೊಪ್ಪು, ಹೂವು ತಿಂದುಕೊಂಡಿರುವ ಪ್ರಾಣಿ. ಕನ್ನಡದಲ್ಲಿ ನೀರಿನದಕ್ಕೂ ನೆಲದ್ದಕ್ಕೂ ಆಮೆ ಅನ್ನೋ ಒಂದೇ ಹೆಸರಿರೋದರಿಂದ, ತಂದವರು ಅದನ್ನ ಅಕ್ವೇರಿಯಮ್ಮಿನ ನೀರಿಗೆ ಬಿಟ್ಟು ಮೀನಿನ ಊಟ ಹಾಕ್ತಾರೆ. ಕೆಲವೇ ವಾರದಲ್ಲಿ ಮೂಗಲ್ಲಿ ಗುಳ್ಳೆ, ಊಟ ಬಂದ್.

ಅದು ಅಲ್ಲಿಗೆ ಬಂದ ದಾರಿಯೂ ಹಳೇ ಹಡಗಿನದ್ದೇ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದ ಒಂದೇ ಕಳ್ಳಸಾಗಣೆ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಹೋಗುತ್ತಿದ್ದವು. ಸೂಟ್‌ಕೇಸಿನಲ್ಲಿ ಕೈಕಾಲು ಆಡಿಸದ ಹಾಗೆ ಬಿಗಿದು ತುಂಬ್ತಾರೆ. ಯಾಕಂದ್ರೆ ಆಮೆ ಕೂಗಲ್ಲ, ಊಟ ಕೇಳಲ್ಲ, ದಿನಗಟ್ಟಲೆ ಸಾಯಲ್ಲ. 300 ವರ್ಷದ ಹಿಂದೆ ನಾವಿಕರು ಮಾಡಿದ ಲೆಕ್ಕವೇ ಇದು. 2018ರ ನವೆಂಬರಿನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಕರ್ನಾಟಕಕ್ಕೆ ವಾಪಸ್ ಬಂದವು. ಅಲ್ಲಿ ರಕ್ಷಿಸಿದ ಸಂಸ್ಥೆ, ಇಲ್ಲಿನ ಅರಣ್ಯ ಇಲಾಖೆ, ವನ್ಯಜೀವಿ ಸಂಸ್ಥೆ ಎಲ್ಲ ಸೇರಿ ಮಾಡಿದ ಕೆಲಸ. ಮರುವರ್ಷ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ನಕ್ಷತ್ರ ಆಮೆ ಸೇರಿತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಹುಲಿ, ಆನೆ ಇರುವ ಮೊದಲ ಪಟ್ಟಿಗೇ ಬಂತು. ಅದನ್ನ ಮನೆಯಲ್ಲಿ ಇಟ್ಟುಕೊಳ್ಳೋದು ಜೈಲಿಗೆ ಹೋಗುವಂಥ ಅಪರಾಧ.

ಕಾನೂನು ಸರಿ. ಆದರೆ ಅದರ ಭಯದಲ್ಲಿ ಒಂದು ವಿಪರೀತ ನಡೆಯುತ್ತೆ. ಊಟ ಬಿಟ್ಟ ಆಮೆಯನ್ನ ವೈದ್ಯರ ಹತ್ತಿರ ಒಯ್ಯಲ್ಲ. ಪಾಪ ವಿಶ್ರಾಂತಿ ತಗೋತಿದೆ ಅಂತ ಬಾಲ್ಕನಿಯ ಬಕೆಟ್ಟಲ್ಲೇ ಬಿಡ್ತಾರೆ. ಇಲ್ಲಾ ರಾತ್ರೋರಾತ್ರಿ ಕೆರೆಗೆ ಎಸೆದು ಬರ್ತಾರೆ, ನೆಲದ ಆಮೆ ಅಲ್ಲಿ ಮುಳುಗಿ ಸಾಯುತ್ತೆ. ಎರಡೂ ಕೊನೆಗೆ ಒಂದೇ.

ನಿಮ್ಮ ಮನೆಯಲ್ಲೋ ಗೆಳೆಯರ ಮನೆಯಲ್ಲೋ ತಿನ್ನದ ಆಮೆ ಇದ್ದರೆ ಮೊದಲು ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ತಣ್ಣಗಿದ್ದರೆ ಬೆಚ್ಚಗಿನ ಜಾಗಕ್ಕೆ ಸರಿಸಿ, ನೆಲದ ಆಮೆಯಾದರೆ ನೀರಿನಿಂದ ಹೊರಗೆ ತೆಗೆಯಿರಿ. ಬಾಯಿಗೆ ಏನನ್ನೂ ತುರುಕಬೇಡಿ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಇದ್ದದ್ದನ್ನ ಇದ್ದ ಹಾಗೆ ಹೇಳಿ, ವೈದ್ಯರ ಕೈಗೆ ಒಪ್ಪಿಸಿ. ನಾಳೆ ನೋಡೋಣ ಅನ್ನಬೇಡಿ. ಆಮೆ ಊಟ ಬಿಟ್ಟಿದ್ದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ತುಂಬ ದಿನದಿಂದ ಹೇಳ್ತಾ ಇರುತ್ತೆ.